ಸೋಡಾ ಕಾಯದು, ಪಾಕ ಅವಸರ ತಾಳದು

ಮಗಳೇ,

ಬೆಂಗಳೂರಿನ ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ತೆಗೆದುಕೊಳ್ಳಬೇಕು ಅಂದುಕೊಂಡಿದ್ದೀಯ, ಮೊದಲಿಗೆ ಚಾಕೊಲೇಟ್ ಲೇಯರ್ ಕೇಕನ್ನೇ ಕೈಗೆ ಹತ್ತಿಸಿಕೊಳ್ಳುತ್ತಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಕೇಳಿ ಹಿಗ್ಗಾಯಿತು. ಒಂದು ದಿನ ಮೆತ್ತಗೆ ಬಂದ ಕೇಕ್ ಮರುವಾರ ಅದೇ ಅಳತೆಗೆ ಒಣಗಿಬಿಡುತ್ತದೆ, ಮೇಲಿನ ಫಡ್ಜ್ ಒಮ್ಮೆ ನೀರಾಗುತ್ತದೆ, ಒಮ್ಮೆ ಮರಳಾಗುತ್ತದೆ ಎಂದು ನೀನು ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೇಕಿನಲ್ಲಿ ಬೇಗ ಮಾಡಬೇಕಾದ ಕೆಲಸ ಒಂದಿದೆ, ನಿಧಾನಕ್ಕೆ ಬಿಡಬೇಕಾದ ಕೆಲಸ ಒಂದಿದೆ. ಹಿಟ್ಟಿನಲ್ಲಿ ಸೋಡಾಕ್ಕೆ ಹುಳಿ ತಾಗಿದ ಮೇಲೆ ಕೈ ಚುರುಕಾಗಬೇಕು. ಫಡ್ಜ್ ಒಲೆಯಿಂದ ಇಳಿದ ಮೇಲೆ ಕೈ ಕಟ್ಟಿ ಕೂರಬೇಕು. ಇವೆರಡು ಅದಲುಬದಲಾದರೆ ಎಷ್ಟು ದುಬಾರಿ ಸಾಮಾನು ಹಾಕಿದರೂ ಕೇಕ್ ಕೆಡುತ್ತದೆ. ಎಷ್ಟು, ಎಷ್ಟು ಹೊತ್ತು ಎನ್ನುವುದನ್ನು ಯಾರು ಬೇಕಾದರೂ ಬರೆದುಕೊಡುತ್ತಾರೆ. ಯಾಕೆ ಎನ್ನುವುದು ನಿನಗೇ ಗೊತ್ತಿರಬೇಕು. ಗೊತ್ತಿದ್ದರೆ ಕೈ ಹೆದರುವುದಿಲ್ಲ.

ಕೊಕ್ಕೊದಿಂದ ಶುರು ಮಾಡೋಣ. ನಮ್ಮ ಪುತ್ತೂರಿನ ಕಡೆ ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಕಾಯಿ ಒಡೆದರೆ ಬೀಜದ ಸುತ್ತ ಬಿಳಿ ಲೋಳೆ, ಸಿಹಿಹುಳಿ. ಆ ಬೀಜವನ್ನು ಐದಾರು ದಿನ ರಾಶಿ ಹಾಕಿ ಹುಳಿ ಬರಿಸುತ್ತಾರೆ. ಲೋಳೆಯ ಸಕ್ಕರೆ ಮೊದಲು ಮದ್ಯವಾಗಿ, ಆಮೇಲೆ ವಿನೆಗರ್‌ನಲ್ಲಿ ಇರುವಂಥದೇ ಆಮ್ಲವಾಗುತ್ತದೆ. ರಾಶಿಯೊಳಗೆ ಕೈ ಹಾಕಿದರೆ ಬಿಸಿ ಬಡಿಯುತ್ತದೆ. ಆ ಆಮ್ಲ ಬೀಜದೊಳಗೆ ಇಳಿಯುತ್ತದೆ. ಒಣಗಿಸಿದಾಗ, ಹುರಿದಾಗ ಒಂದಷ್ಟು ಹಾರಿಹೋದರೂ ಪೂರ್ತಿ ಹೋಗುವುದಿಲ್ಲ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ನಮ್ಮ ತೋಟದ ಕೊಕ್ಕೊ ನಮ್ಮೂರಲ್ಲೇ ಪುಡಿಯಾಯಿತು. ನಿನ್ನ ಡಬ್ಬದಲ್ಲಿರುವ ಪುಡಿ ಕಹಿ ಮಾತ್ರವಲ್ಲ, ಹುಳಿಯೂ ಹೌದು ಎನ್ನುವುದನ್ನು ನೆನಪಿಡು. ಸೋಡಾದ ಕೆಲಸ ಶುರುವಾಗುವುದೇ ಈ ಹುಳಿಯಿಂದ.

ಆದರೆ ಎಲ್ಲ ಕೊಕ್ಕೊ ಪುಡಿಯೂ ಹುಳಿಯಲ್ಲ. ಹಾಲೆಂಡಿನ ವಾನ್ ಹೌಟೆನ್ ಕುಟುಂಬ 1828ರಲ್ಲಿ ಬೀಜದ ಕೊಬ್ಬನ್ನು ಒತ್ತಿ ತೆಗೆದು ಪುಡಿ ಮಾಡುವ ವಿಧಾನಕ್ಕೆ ಹಕ್ಕು ಪಡೆಯಿತು. ಪುಡಿಗೆ ಕ್ಷಾರ ಸೇರಿಸಿ ಅದರ ಹುಳಿ ಮುರಿಯುವ ಪದ್ಧತಿಯೂ ಅವರಿಂದಲೇ ಬಂತು. ಪ್ಯಾಕೆಟ್ಟಿನ ಮೇಲೆ ಡಚ್ ಪ್ರೋಸೆಸ್ಡ್, ಆಲ್ಕಲೈಸ್ಡ್ ಎಂದಿದ್ದರೆ ಅದು ಆ ಜಾತಿ. ಬಣ್ಣ ಕಪ್ಪು, ರುಚಿ ಮೃದು, ಆದರೆ ಸೋಡಾವನ್ನು ಎಬ್ಬಿಸುವ ಹುಳಿ ಇಲ್ಲ. ಸೋಡಾ ಹಾಕಲು ಹೇಳಿದ ಕೇಕಿಗೆ ಕ್ಷಾರ ಸೇರಿಸದ ನ್ಯಾಚುರಲ್ ಪುಡಿಯನ್ನೇ ಬಳಸು. ಅಳತೆ ಅದೇ ಇದ್ದರೂ ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು ಆಗುತ್ತದೆ ಅಂದೆಯಲ್ಲ, ಮೊದಲು ಡಬ್ಬ ಬದಲಾಗಿದೆಯೇ ನೋಡು.

ಅಡುಗೆ ಸೋಡಾ ಸ್ವಭಾವದಲ್ಲಿ ಕ್ಷಾರ. ಹುಳಿ ತಾಗಿದ ಕ್ಷಣವೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗುಳ್ಳೆಗಳೇ ಕೇಕನ್ನು ಉಬ್ಬಿಸುವುದು. ಅಮೆರಿಕದಲ್ಲಿ 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಸೋಡಾ ತಯಾರಿಸಿ ಮನೆಮನೆಗೆ ಮಾರತೊಡಗಿದ ಮೇಲೆ ಅಲ್ಲಿನ ಹೆಂಗಸರಿಗೆ ಗಂಟೆಗಟ್ಟಲೆ ಮೊಟ್ಟೆ ಕಡೆಯುವ ಕೆಲಸ ತಪ್ಪಿತು. ಬೇಕಿಂಗ್ ಪೌಡರ್ ಬೇರೆ. ಅದರಲ್ಲಿ ಸೋಡಾದ ಜೊತೆಗೇ ಒಣ ಆಮ್ಲವೂ ಪಿಷ್ಟವೂ ಬೆರೆತಿರುತ್ತವೆ, ಶಕ್ತಿ ಸೋಡಾದ ಮೂರನೇ ಒಂದೋ ನಾಲ್ಕನೇ ಒಂದೋ ಪಾಲು. ಒಂದರ ಬದಲು ಇನ್ನೊಂದನ್ನು ಅಷ್ಟೇ ಅಳತೆಯಲ್ಲಿ ಹಾಕಬೇಡ.

ಸೋಡಾ ಜಾಸ್ತಿಯಾದರೆ ಹುಳಿಯೆಲ್ಲ ಮುಗಿದು ಮಿಕ್ಕ ಸೋಡಾ ನಾಲಿಗೆಗೆ ಸಾಬೂನಿನ ರುಚಿ ಕೊಡುತ್ತದೆ. ಒಂದು ಕಪ್ ಹುಳಿ ಮಜ್ಜಿಗೆಗೆ ಸುಮಾರು ಅರ್ಧ ಟೀ ಚಮಚ ಸೋಡಾ ಸಾಕು. ಕೊಕ್ಕೊದ ಹುಳಿ ಇನ್ನಷ್ಟನ್ನು ತಾಳಿಕೊಳ್ಳುತ್ತದೆ, ಸ್ವಲ್ಪ ಕ್ಷಾರ ಮಿಕ್ಕರೆ ಬಣ್ಣವೂ ಗಾಢವಾಗುತ್ತದೆ. ಅದಕ್ಕೇ ಚಾಕೊಲೇಟ್ ಕೇಕಿಗೆ ಸೋಡಾ ತುಸು ಹೆಚ್ಚು.

ನನ್ನ ಅಳತೆ ಬರೆದುಕೋ, ಎಂಟು ಇಂಚಿನ ಎರಡು ದುಂಡು ಟಿನ್ನಿಗೆ: ಮೈದಾ 220 ಗ್ರಾಂ, ಸಕ್ಕರೆ 350 ಗ್ರಾಂ, ಕೊಕ್ಕೊ ಪುಡಿ 65 ಗ್ರಾಂ, ಸೋಡಾ ಒಂದೂವರೆ ಟೀ ಚಮಚ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಮೊಟ್ಟೆ ಎರಡು, ದಪ್ಪ ಹುಳಿ ಮಜ್ಜಿಗೆ 240 ಮಿಲಿ, ವಾಸನೆಯಿಲ್ಲದ ಎಣ್ಣೆ 120 ಮಿಲಿ, ಒಂದು ಚಮಚ ವೆನಿಲಾ, ಕುದಿಯುವಷ್ಟು ಬಿಸಿಯಾದ ತೆಳು ಕಾಫಿ 240 ಮಿಲಿ. ಚಮಚದ ಅಳತೆಯೆಲ್ಲ ತಲೆ ಸವರಿದ ಮಟ್ಟ ಚಮಚ. ಸಾರಿಗೆ, ಪಲ್ಯಕ್ಕೆ ಕಣ್ಣಂದಾಜು ನಡೆಯುತ್ತದೆ, ರುಚಿ ನೋಡಿ ಸರಿಮಾಡಬಹುದು. ಓವನ್ನಿಗೆ ಹೋದ ಕೇಕನ್ನು ಸರಿಮಾಡಲು ಬರುವುದಿಲ್ಲ. ಡಿಜಿಟಲ್ ತಕ್ಕಡಿ ಒಂದನ್ನು ಮೊದಲು ಕೊಂಡುಕೋ, ಅಲಂಕಾರದ ಸಾಮಾನು ಆಮೇಲೆ.

ಮೆತ್ತಗೆ ಬರಲು ಇದರಲ್ಲಿ ಮೂರು ಗುಟ್ಟು. ಎಣ್ಣೆ ತಣ್ಣಗಾದರೂ ಗಟ್ಟಿಯಾಗುವುದಿಲ್ಲ, ಹಾಗಾಗಿ ಫ್ರಿಜ್ಜಿನಿಂದ ತೆಗೆದರೂ ಕೇಕ್ ಮೃದು. ಬೆಣ್ಣೆ ರುಚಿಗೆ ಒಳ್ಳೆಯದು, ತಣ್ಣಗಾದರೆ ಬಿಗಿಯುತ್ತದೆ. ಸಕ್ಕರೆ ಸಿಹಿಗಷ್ಟೇ ಅಲ್ಲ, ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರೋಗ್ಯಕ್ಕೆಂದು ಅರ್ಧಕ್ಕರ್ಧ ಇಳಿಸಿದರೆ ಕೇಕ್ ಒಣಗಿದ್ದಕ್ಕೆ ಓವನ್ನನ್ನು ಬಯ್ಯಬೇಡ. ಇನ್ನು ಕೊಕ್ಕೊ ಪುಡಿ ತುಂಬ ನೀರು ಹೀರುವ ಪುಡಿ. ಬಿಸಿ ಕಾಫಿ ಸುರಿದಾಗ ಅದು ಅರಳಿ, ಪರಿಮಳ ಬಿಡುತ್ತದೆ. ಕಾಫಿಯ ರುಚಿ ಎದ್ದು ಕಾಣದು, ಚಾಕೊಲೇಟಿನ ರುಚಿಯನ್ನು ಎತ್ತಿಕೊಡುತ್ತದೆ. ಡಿಕಾಕ್ಷನ್ನಿಗೆ ನೀರು ಬೆರೆಸಿ ತೆಳು ಮಾಡಿಕೊಂಡರಾಯಿತು.

ಈಗ ಬೇಗದ ಕೆಲಸ. ಎಲ್ಲಕ್ಕಿಂತ ಮೊದಲು ಟಿನ್ನಿಗೆ ಎಣ್ಣೆ ಸವರಿ ಬಟರ್ ಪೇಪರ್ ಹಾಕಿಡು, ಓವನ್ನನ್ನು 175 ಡಿಗ್ರಿಗೆ ಬಿಸಿಗಿಡು. ಆಮೇಲೆ ಒಣ ಸಾಮಾನನ್ನೆಲ್ಲ ಒಟ್ಟಿಗೆ ಜರಡಿ ಹಿಡಿ. ಸೋಡಾದ ಒಂದು ಸಣ್ಣ ಗಂಟು ಉಳಿದರೂ ಅದು ಸಿಕ್ಕವರ ಬಾಯಿ ಕೆಡುತ್ತದೆ. ಸೋಡಾ ಹಳೆಯದೆನಿಸಿದರೆ ಚಿಟಿಕೆಯಷ್ಟರ ಮೇಲೆ ನಿಂಬೆರಸ ಬಿಡು, ಬುಸ್ಸೆಂದು ನೊರೆ ಬಂದರೆ ಸರಿ. ಮೊಟ್ಟೆ, ಮಜ್ಜಿಗೆ, ಎಣ್ಣೆ, ವೆನಿಲಾ ಬೇರೆ ಕಲಸಿ ಒಣ ಹಿಟ್ಟಿಗೆ ಸುರಿ, ಕೊನೆಗೆ ಬಿಸಿ ಕಾಫಿಯನ್ನು ಸಣ್ಣ ಧಾರೆಯಲ್ಲಿ ಹೊಯ್ಯುತ್ತಾ ಕಲಕು. ಗಂಟು ಹೋದರೆ ಸಾಕು, ನಿಲ್ಲಿಸು. ಹೆಚ್ಚು ಕಲಸಿದಷ್ಟೂ ಮೈದಾ ಜಿಗುಟಾಗಿ ಕೇಕ್ ರಬ್ಬರಾಗುತ್ತದೆ. ಹಿಟ್ಟು ತೀರಾ ನೀರಾಯಿತೆಂದು ಗಾಬರಿಯಾಗಿ ಇನ್ನಷ್ಟು ಮೈದಾ ಹಾಕಬೇಡ. ಅದು ಇರಬೇಕಾದದ್ದೇ ಹಾಗೆ.

ಮಂಗಳೂರು ಬನ್ಸಿಗೂ ಮೊಸರು, ಸೋಡಾ ಹಾಕುತ್ತೇವಲ್ಲ, ರಾತ್ರಿಯೇ ಕಲಸಿಡುತ್ತೇವಲ್ಲ ಎಂದು ನೀನು ಕೇಳಬಹುದು. ಬನ್ಸಿನ ಹಿಟ್ಟು ಗಟ್ಟಿ, ಗುಳ್ಳೆಗಳನ್ನು ಒಳಗೇ ಹಿಡಿದುಕೊಳ್ಳುತ್ತದೆ. ಈ ತೆಳು ಹಿಟ್ಟಿನಲ್ಲಿ ಗುಳ್ಳೆ ಮೇಲೆದ್ದು ಒಡೆದುಹೋಗುತ್ತದೆ. ಬಟ್ಟಲಿನ ಅಂಚಿನಲ್ಲಿ ಕಿವಿಯಿಟ್ಟರೆ ಚಿಟಿಚಿಟಿ ಸದ್ದು ಕೇಳುತ್ತದೆ. ಅದು ನಿನ್ನ ಕೇಕಿನ ಉಬ್ಬು ಕೈಬಿಡುತ್ತಿರುವ ಸದ್ದು. ಆ ಹೊತ್ತಿಗೆ ಫೋನ್ ಬಂದರೆ ಎತ್ತಬೇಡ. ಹಿಟ್ಟನ್ನು ಎರಡೂ ಟಿನ್ನಿಗೆ ತೂಗಿ ಸಮ ಮಾಡಿ, ತಕ್ಷಣ ಓವನ್ನಿಗೆ ಸೇರಿಸು. ಓಟಿಜಿಯಲ್ಲಿ ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ ನಡುವಿನ ಹಂತದಲ್ಲಿಡು. ಮೊದಲ ಇಪ್ಪತ್ತು ನಿಮಿಷ ಬಾಗಿಲು ತೆರೆಯಬೇಡ, ಒಳಗಿನ ಗೋಡೆ ಗಟ್ಟಿಯಾಗುವ ಮೊದಲೇ ತಂಪು ತಾಗಿದರೆ ನಡು ಕುಸಿಯುತ್ತದೆ. ಮೂವತ್ತು ಮೂವತ್ತೈದು ನಿಮಿಷದ ಹೊತ್ತಿಗೆ ಕಡ್ಡಿ ಚುಚ್ಚಿ ನೋಡು. ಹಸಿ ಹಿಟ್ಟು ಅಂಟಬಾರದು, ಆದರೆ ಒಂದೆರಡು ತೇವದ ಹುಡಿ ಅಂಟಿರಲಿ. ಕಡ್ಡಿ ತೊಳೆದಂತೆ ಹೊರಬರುವವರೆಗೆ ಬಿಟ್ಟರೆ ತೇವ ಅಷ್ಟರಲ್ಲೇ ಹೋಗಿರುತ್ತದೆ.

ಮೊಟ್ಟೆ ತಿನ್ನದ ಮನೆಯವರು ನಿನ್ನಲ್ಲಿಗೆ ಹೆಚ್ಚು ಬರುತ್ತಾರೆ. ಮೇಲಿನ ಅಳತೆಯಿಂದ ಮೊಟ್ಟೆಯನ್ನು ಸುಮ್ಮನೆ ಬಿಟ್ಟು ಮಾಡಬೇಡ, ಕೇಕ್ ಉದುರುತ್ತದೆ. ಮೊಟ್ಟೆ, ಹಾಲು, ಬೆಣ್ಣೆ ಮೂರೂ ಇಲ್ಲದ ಚಾಕೊಲೇಟ್ ಕೇಕೊಂದು ಅಮೆರಿಕದಲ್ಲಿ ಸಾಮಾನು ಸಿಗದ ಕಷ್ಟಕಾಲದಲ್ಲಿ ಮನೆಮಾತಾಗಿತ್ತು. ಮೈದಾ ಒಂದೂವರೆ ಕಪ್, ಸಕ್ಕರೆ ಒಂದು ಕಪ್, ಕೊಕ್ಕೊ ಮೂರು ದೊಡ್ಡ ಚಮಚ, ಸೋಡಾ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎಣ್ಣೆ ಐದು ದೊಡ್ಡ ಚಮಚ, ವಿನೆಗರ್ ಒಂದು ದೊಡ್ಡ ಚಮಚ, ಸ್ವಲ್ಪ ವೆನಿಲಾ, ನೀರು ಒಂದು ಕಪ್. ಇದು ಎಂಟು ಇಂಚಿನ ಒಂದು ಟಿನ್ನಿಗೆ. ಇಲ್ಲಿ ಉಬ್ಬಿಸುವ ಭಾರವೆಲ್ಲ ಸೋಡಾ ಮತ್ತು ವಿನೆಗರ್‌ನದು, ಆದ್ದರಿಂದ ಕಲಸಿದ ಮೇಲೆ ಇನ್ನೂ ಚುರುಕಾಗಿರು.

ಇನ್ನು ನಿಧಾನದ ಕೆಲಸ, ಫಡ್ಜ್. ಇದು ಹೆಸರಾದದ್ದು ನಿನ್ನ ವಯಸ್ಸಿನ ಹುಡುಗಿಯರ ಕೈಯಲ್ಲಿ ಎಂದರೆ ನಿನಗೆ ಖುಷಿಯಾದೀತು. ನ್ಯೂಯಾರ್ಕ್ ರಾಜ್ಯದ ವಾಸರ್ ಮಹಿಳಾ ಕಾಲೇಜಿನ ಎಮೆಲಿನ್ ಹಾರ್ಟ್‌ರಿಜ್ ಎಂಬ ವಿದ್ಯಾರ್ಥಿನಿ 1888ರಲ್ಲಿ ಕಾಲೇಜಿನ ಹರಾಜಿಗೆ ಮೂವತ್ತು ಪೌಂಡ್ ಫಡ್ಜ್ ಮಾಡಿದ್ದಳು. ಅಲ್ಲಿಂದ ಬೇರೆ ಮಹಿಳಾ ಕಾಲೇಜುಗಳಿಗೂ ಅದು ಹಬ್ಬಿತು.

ನಿನಗೆ ಇದು ಹೊಸ ವಿದ್ಯೆಯಲ್ಲ, ಪಾಕದ ಹದ ಹಿಡಿಯುವುದು ಅಷ್ಟೇ. ಸಕ್ಕರೆ 400 ಗ್ರಾಂ, ಕೊಕ್ಕೊ 40 ಗ್ರಾಂ, ಹಾಲು 160 ಮಿಲಿ, ಚಿಟಿಕೆ ಉಪ್ಪು, ಒಂದು ಚಮಚ ಲಿಕ್ವಿಡ್ ಗ್ಲೂಕೋಸ್. ಸಕ್ಕರೆ ಕರಗುವವರೆಗೆ ಸಣ್ಣ ಉರಿಯಲ್ಲಿ ಕಲಕು, ಕುದಿ ಬಂದ ಮೇಲೆ ಕಲಕಬೇಡ. ಪಾತ್ರೆಯ ಒಳಬದಿಗೆ ಅಂಟಿದ ಹರಳನ್ನು ಒದ್ದೆ ಬ್ರಷ್ಷಿನಿಂದ ಒರೆಸಿ ಇಳಿಸು. ಸಕ್ಕರೆ ಪಾಕ ಹರಳುಗಟ್ಟದಿರಲೆಂದು ನಾವು ನಿಂಬೆ ಹಿಂಡುತ್ತೇವಲ್ಲ, ಇಲ್ಲಿ ಹಿಂಡಿದರೆ ಹಾಲು ಒಡೆಯುತ್ತದೆ. ಅದಕ್ಕೇ ಗ್ಲೂಕೋಸ್. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಸೇರಿಸಿದಾಗ ಮೆತ್ತನೆಯ ಉಂಡೆಯಾಗಿ, ನೀರಿಂದೆತ್ತಿದರೆ ಬೆರಳಲ್ಲೇ ಚಪ್ಪಟೆಯಾದರೆ ಹದ ಬಂತು.

ಥರ್ಮಾಮೀಟರ್ ಇದ್ದರೆ ಪುತ್ತೂರಿನಲ್ಲಿ 113ರಿಂದ 115 ಡಿಗ್ರಿ. ಬೆಂಗಳೂರಿನಲ್ಲಿ ಹಾಗಲ್ಲ. ನೀವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ, ಅಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಆ ಮೂರು ಡಿಗ್ರಿಯನ್ನು ಇಲ್ಲಿಯೂ ಕಳೆ, 110ರಿಂದ 112ಕ್ಕೆ ಇಳಿಸು. ಪುಸ್ತಕದ ಅಂಕಿಯನ್ನೇ ನಂಬಿ ಕಾದರೆ ನೀರು ಹೆಚ್ಚು ಆವಿಯಾಗಿ ಫಡ್ಜ್ ಕಲ್ಲಾಗುತ್ತದೆ.

ಇಳಿಸಿದ ಮೇಲೆ 60 ಗ್ರಾಂ ಬೆಣ್ಣೆಯನ್ನೂ ವೆನಿಲಾವನ್ನೂ ಮೇಲೆ ಹಾಕಿ ಹಾಗೇ ಬಿಟ್ಟುಬಿಡು. ಕಲಕಬೇಡ, ಪಾತ್ರೆಯನ್ನು ಅಲುಗಿಸಲೂ ಬೇಡ. ಬಿಸಿಯಿರುವಾಗಲೇ ಕಲಕಿದರೆ ಸಕ್ಕರೆ ದಪ್ಪ ದಪ್ಪ ಹರಳಾಗಿ ಮರಳಿನಂತಾಗುತ್ತದೆ. ಪಾತ್ರೆಯ ತಳಕ್ಕೆ ಅಂಗೈ ಇಟ್ಟರೆ ಹಿತವಾದ ಬಿಸಿ, ಅಂದರೆ 45 ಡಿಗ್ರಿಯಷ್ಟಕ್ಕೆ ಬಂದ ಮೇಲೆ ಮರದ ಸೌಟಿನಿಂದ ಜೋರಾಗಿ ತಿರುವು. ಆಗ ಹರಳುಗಳು ಒಟ್ಟಿಗೇ, ನಾಲಿಗೆಗೆ ತಿಳಿಯದಷ್ಟು ಸಣ್ಣಗೆ ಕಟ್ಟುತ್ತವೆ. ಹೊಳಪು ಮಂಕಾಗುತ್ತಾ ಸೌಟಿನ ಗೆರೆ ನಿಲ್ಲತೊಡಗಿದರೆ ಕೇಕಿನ ಮೇಲೆ ಸುರಿದು ಹರಡು. ಈ ಗಳಿಗೆಯಲ್ಲಿ ಮತ್ತೆ ಬೇಗ ಮಾಡಬೇಕು. ಗಟ್ಟಿಯಾದರೆ ಒಂದು ಚಮಚ ಬಿಸಿ ಹಾಲು ಬೆರೆಸಿ ತಿರುವಿದರೆ ಸಡಿಲವಾಗುತ್ತದೆ.

ಕೇಕ್ ಪೂರ್ತಿ ಆರಿರಬೇಕು. ಟಿನ್ನಿನಲ್ಲಿ ಹತ್ತು ನಿಮಿಷ, ಆಮೇಲೆ ಜಾಲರಿಯ ಮೇಲೆ. ಉಗುರು ಬಿಸಿಯಿದ್ದರೂ ಫಡ್ಜ್ ಜಾರುತ್ತದೆ. ಮೇಲಿನ ಉಬ್ಬನ್ನು ಗರಗಸದಂಥ ಚಾಕುವಿನಲ್ಲಿ ಮಟ್ಟಮಾಡಿ ಒಂದರ ಮೇಲೊಂದು ಕೂರಿಸು. ಮಳೆಗಾಲದಲ್ಲಿ ಫಡ್ಜ್ ತೇವ ಎಳೆದು ಅಂಟಂಟಾಗುತ್ತದೆ, ಆಗ ಮಾಡಿದ ದಿನವೇ ಮುಚ್ಚಿದ ಡಬ್ಬದಲ್ಲಿ ಕೊಟ್ಟು ಕಳಿಸು.

ವ್ಯಾಪಾರದ ಮಾತು ಎರಡೇ. ಮನೆಯಲ್ಲಿ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಮೊದಲು ಅದನ್ನು ಮಾಡಿಸು. ಮೊಟ್ಟೆಯಿದೆಯೇ ಇಲ್ಲವೇ ಎನ್ನುವುದನ್ನು ಕೇಳುವ ಮೊದಲೇ ಹೇಳು. ಎರಡಕ್ಕೂ ಬಟ್ಟಲು, ಟಿನ್, ಚಮಚ ಬೇರೆ ಇಡು. ಅದು ಅವರವರ ನಂಬಿಕೆ, ಕೆಲವರಿಗೆ ಅಲರ್ಜಿಯ ಪ್ರಶ್ನೆ. ಅಲ್ಲಿ ಒಮ್ಮೆ ತಪ್ಪಿದ ಮಾತನ್ನು ಎಷ್ಟು ರುಚಿಯಾದ ಕೇಕೂ ಸರಿಮಾಡುವುದಿಲ್ಲ.

ಒಂದು ನೋಟ್‌ಬುಕ್ ಇಡು. ಯಾವ ಕೊಕ್ಕೊ, ಎಷ್ಟು ನಿಮಿಷ, ಫಡ್ಜ್ ಎಷ್ಟು ಡಿಗ್ರಿಯಲ್ಲಿ ಇಳಿಸಿದೆ, ಹೊರಗೆ ಮಳೆಯೋ ಬಿಸಿಲೋ, ಎಲ್ಲ ಬರೆ. ಕೆಟ್ಟರೆ ಮುಂದಿನ ಸಲ ಒಂದೇ ಒಂದು ಸಂಗತಿ ಬದಲಿಸು, ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಈ ಒಂದು ಕೇಕ್ ಕರೆದಾಗಲೆಲ್ಲ ಒಂದೇ ಥರ ಬರುವವರೆಗೆ ಇನ್ನೊಂದಕ್ಕೆ ಕೈಹಾಕಬೇಡ, ಯಾರ ದುಡ್ಡನ್ನೂ ಮುಂಗಡ ತೆಗೆದುಕೊಳ್ಳಬೇಡ. ಅಷ್ಟು ತಾಳ್ಮೆ ಇಟ್ಟುಕೊಂಡರೆ ನೀನು ಗೆಲ್ಲುತ್ತೀಯ, ಅದರಲ್ಲಿ ನನಗೆ ಸಂಶಯವಿಲ್ಲ.

ನಿನ್ನ ದೊಡ್ಡಮ್ಮ