ಸಿಂಪಿ ಬೆರೆತ ಕಪ್ಪು ಬಿಯರ್ ಮತ್ತು ಶ್ರಾವಕನ ಮೂಲಗುಣ

ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕಧರ್ಮದ ಮೊದಲ ಮೆಟ್ಟಿಲು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮೂರರ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದು ನಿರೂಪಿಸಿದ್ದಾರೆ. ಮದ್ಯದ ದೋಷ ಬೇರೆ, ಮಾಂಸದ ದೋಷ ಬೇರೆ ಎಂದು ಎಣಿಸುವುದು ರೂಢಿ. ಆದರೆ ಒಂದೇ ಬಟ್ಟಲಿನಲ್ಲಿ ಎರಡೂ ಅಡಗಿರುವ ಪಾನವೊಂದುಂಟು. ಮಕ್ಕಳು ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ವಿದೇಶದಲ್ಲಿ ನೆಲೆಸಿರುವ ಮನೆಗಳವರು ಇದರ ಸ್ವರೂಪವನ್ನು ಅರಿತಿರುವುದು ಉಚಿತ.

ಪಾನದ ಸ್ವರೂಪ

ಇಂಗ್ಲೆಂಡ್, ಐರ್ಲೆಂಡ್ ದೇಶಗಳಲ್ಲಿ ಕಪ್ಪಾಗಿ ಹುರಿದ ಬಾರ್ಲಿಯಿಂದ ತಯಾರಾಗುವ ಬಿಯರಿಗೆ ಸ್ಟೌಟ್ ಎಂದು ಹೆಸರು. 19ನೆಯ ಶತಮಾನದ ಲಂಡನ್ನಿನಲ್ಲಿ ಸಮುದ್ರದ ಸಿಂಪಿಯು ಬಡವರ ಅಗ್ಗದ ಆಹಾರವಾಗಿತ್ತು. ಅದನ್ನು ತಿಂದು ಈ ಕಪ್ಪು ಪಾನವನ್ನು ಕುಡಿಯುವುದು ವಾಡಿಕೆಯಾಗಿತ್ತು. 20ನೆಯ ಶತಮಾನದಲ್ಲಿ ಸಿಂಪಿಯನ್ನು ಪಾನದೊಳಕ್ಕೇ ಸೇರಿಸುವ ಪದ್ಧತಿ ಹುಟ್ಟಿತು. ಬಾರ್ಲಿಯ ರಸವು ಕುದಿಯುತ್ತಿರುವಾಗ ಸಿಂಪಿಗಳನ್ನು ಅದರಲ್ಲಿ ಹಾಕುತ್ತಾರೆ. ಕೆಲವೆಡೆ ಚಿಪ್ಪನ್ನು ಮಾತ್ರ ಹಾಕುವುದುಂಟು. ಚಿಪ್ಪು ಮುಚ್ಚಿರುವ ತಾಜಾ ಸಿಂಪಿಯೆಂದರೆ ಜೀವಂತ ಸಿಂಪಿಯೇ ಎಂಬುದನ್ನು ಮರೆಯಬಾರದು. ಇಷ್ಟಾದರೂ ಪಾನಕ್ಕೆ ಬರುವುದು ಅಲ್ಪ ಉಪ್ಪಿನ ಛಾಯೆ ಮಾತ್ರ. ಹುರಿದ ಬಾರ್ಲಿಯ ಕಹಿಯಲ್ಲಿ ಅದೂ ಅನೇಕ ವೇಳೆ ಗುರುತು ಸಿಗದು.

ಶಾಸ್ತ್ರದೃಷ್ಟಿ

ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಶಂಖ, ಕೃಮಿಗಳೊಡನೆ ಸಿಂಪಿಯನ್ನೂ ದ್ವೀಂದ್ರಿಯ ಜೀವಗಳಲ್ಲಿ ಎಣಿಸಿದ್ದಾರೆ. ಅದಕ್ಕಿರುವ ಇಂದ್ರಿಯಗಳು ಸ್ಪರ್ಶನ ಮತ್ತು ರಸನ. ಕಣ್ಣಿಲ್ಲದ, ಕಿವಿಯಿಲ್ಲದ ಆ ಜೀವಕ್ಕೆ ಬಿಸಿಯ ಸ್ಪರ್ಶವೂ ರಸದ ಅರಿವೂ ಉಂಟು. ಐದು ಇಂದ್ರಿಯಗಳುಳ್ಳ ಮನುಷ್ಯನು ತನ್ನ ರಸನೇಂದ್ರಿಯದ ಕ್ಷಣಿಕ ತೃಪ್ತಿಗಾಗಿ, ಎರಡೇ ಇಂದ್ರಿಯಗಳ ಬಡಜೀವವನ್ನು ಕುದಿಯುವ ರಸಕ್ಕೆ ನೂಕುವುದು ಎಂತಹ ವ್ಯಾಪಾರ!

ಸಿಂಪಿಯಿಲ್ಲದ ಸ್ಟೌಟ್ ನಿರ್ದೋಷವೆಂದೂ ಭಾವಿಸಲಾಗದು. ಮದ್ಯವು ರಸಜ ಜೀವಗಳ ಯೋನಿಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಬಿಯರಿನ ಹುದುಗು ಸೂಕ್ಷ್ಮಜೀವಿಗಳ ಕಾರ್ಯವೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರರು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಮದ್ಯಾಂಶವನ್ನು ತೆಗೆದ ಬಿಯರ್ ಕೂಡ ಸಾಮಾನ್ಯವಾಗಿ ಹುದುಗಿದ ಮೇಲೆಯೇ ಸಿದ್ಧವಾಗುವಂತಹುದು.

ಎರಡು ಶಂಕೆಗಳು

ಶಂಕೆ: ನುಂಗದೆ, ನಾಲಗೆಯ ಮೇಲಿಟ್ಟು ರುಚಿ ನೋಡಿ ಉಗುಳಿದರೆ ವ್ರತಕ್ಕೆ ಹಾನಿಯುಂಟೆ?

ಸಮಾಧಾನ: ಉಂಟು. ರಸನೇಂದ್ರಿಯದ ವಿಷಯವು ರುಚಿಯೇ ಹೊರತು ನುಂಗುವುದಲ್ಲ. ವ್ರತಭಂಗಕ್ಕೆ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಹಂತಗಳನ್ನು ಹೇಳುತ್ತಾರೆ. ರುಚಿ ಹೇಗಿದ್ದೀತೆಂದು ಮನಸ್ಸು ಕದಲಿದರೆ ಮೊದಲನೆಯದು; ಸಂಯಮದ ಬೇಲಿ ದಾಟಿ ಬಟ್ಟಲಿಗೆ ಕೈಯಿಟ್ಟರೆ ಎರಡನೆಯದು; ನಾಲಗೆಗೆ ಸೋಕಿಸಿದರೆ ಮೂರನೆಯದು; ಆಸಕ್ತಿಯಿಂದ ಅದರಲ್ಲೇ ತೊಡಗಿದರೆ ನಾಲ್ಕನೆಯದು. ಉಗುಳಿದವನು ಮೂರನೆಯ ಹಂತವನ್ನಾಗಲೇ ಮುಟ್ಟಿರುತ್ತಾನೆ.

ಶಂಕೆ: ಹೆಸರಿನಲ್ಲಿ ಮಾತ್ರ ಸಿಂಪಿಯಿದ್ದು, ಪಾನದಲ್ಲಿ ಇಲ್ಲದಿದ್ದರೆ?

ಸಮಾಧಾನ: ಅಂತಹ ಪಾನಗಳೂ ಮಾರಾಟಕ್ಕೆ ಬಂದಿವೆ. ಅಲ್ಲಿ ಮದ್ಯದೋಷವಂತೂ ಇದ್ದೇ ಇದೆ. ಸಿಂಪಿಯ ರುಚಿಯೆಂದು ಸಂಕಲ್ಪಿಸಿ ಕುಡಿದವನು ಜನ್ನಕವಿಯ ಯಶೋಧರಚರಿತೆಯನ್ನು ನೆನೆಯಬೇಕು. ಯಶೋಧರನು ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ, ಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರು.

ಮನೆಯವರ ಕರ್ತವ್ಯ

ಅರಿಯದೆ ಸೇವಿಸಿದವನನ್ನು ಹಳಿದು ದೂರಮಾಡಬಾರದು. ಹಳಿದರೆ ಅವನು ಮುಂದೆ ತಪ್ಪನ್ನು ಮರೆಮಾಚಲು ಕಲಿತಾನು. ಮಾಯೆಯೂ ಒಂದು ಕಷಾಯವೇ. ಅವನು ನಡೆದುದನ್ನು ಮುಚ್ಚಿಡದೆ ಗುರುಸನ್ನಿಧಿಯಲ್ಲಿ ಆಲೋಚನೆ ಮಾಡಿ, ಪ್ರಾಯಶ್ಚಿತ್ತ ಪಡೆದು, ತ್ಯಾಗವನ್ನು ಮತ್ತೆ ದೃಢಪಡಿಸಿಕೊಳ್ಳಲಿ. ಕಾಣದ ಕಡಲಿನ ತಳದಲ್ಲಿ ಚಿಪ್ಪು ಮುಚ್ಚಿಕೊಂಡಿರುವ ಜೀವಕ್ಕೂ ಅಭಯವೀಯುವುದೇ ಮೂಲಗುಣದ ಸಾರ್ಥಕ್ಯ.