ಜಿಯೋಜೀಬ್ರಾ ಪಾಠಕ್ಕೆ ಒಂದು ಪುಟದ ಸೂಚನಾ ಹಾಳೆ

ಜಿಯೋಜೀಬ್ರಾ ತಂತ್ರಾಂಶವು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ ಆರಂಭವಾಯಿತು. ಅದರ ಕೈಪಿಡಿಯಲ್ಲಿ ಪ್ರತಿ ಟೂಲ್‌ನ ವಿವರಣೆ ಇದೆ. ಟೂಲ್‌ನ ಹೆಸರು ಗೊತ್ತಿರುವವರಿಗೆ ಅದು ಉಪಯುಕ್ತ. ಆದರೆ ವಿದ್ಯಾರ್ಥಿಗೆ ಬೇಕಾದದ್ದು ಟೂಲ್‌ಗಳ ಪಟ್ಟಿಯಲ್ಲ, ತ್ರಿಭುಜದ ಪರಿವೃತ್ತ ರಚಿಸುವ ದಾರಿ.

ಈ ಅಂತರವನ್ನು ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ 1980ರ ದಶಕದಲ್ಲೇ ಅಧ್ಯಯನ ಮಾಡಿದರು. ಹೊಸಬರು ಕೈಪಿಡಿಯನ್ನು ಮೊದಲಿನಿಂದ ಕ್ರಮವಾಗಿ ಓದುವುದಿಲ್ಲ. ನೇರವಾಗಿ ಕೆಲಸಕ್ಕೆ ಕೈಹಾಕುತ್ತಾರೆ, ತಪ್ಪಾದಾಗ ಹಿಂದಿರುಗುವ ದಾರಿ ತಿಳಿಯದೆ ನಿಲ್ಲುತ್ತಾರೆ. ಆದ್ದರಿಂದ ಕೈಪಿಡಿ ಚಿಕ್ಕದಾಗಿರಬೇಕು, ನಿಜವಾದ ಕೆಲಸದಿಂದಲೇ ಆರಂಭವಾಗಬೇಕು, ತಪ್ಪನ್ನು ಗುರುತಿಸಿ ಸರಿಪಡಿಸಲು ನೆರವಾಗಬೇಕು ಎಂಬುದು ಅವರ ನಿಲುವು. 1990ರಲ್ಲಿ ಪ್ರಕಟವಾದ ‘ದಿ ನ್ಯೂರ್ನ್‌ಬರ್ಗ್ ಫನಲ್’ ಕೃತಿಯಲ್ಲಿ ಇದರ ವಿವರವಿದೆ.

ಈ ತತ್ತ್ವದಂತೆ ಒಂಬತ್ತನೇ ತರಗತಿಗೆ ಸಿದ್ಧಪಡಿಸಬಹುದಾದ ಹಾಳೆ ಹೀಗಿದೆ:

1. ಪಾಲಿಗನ್ ಟೂಲ್ ಆರಿಸಿ. ಮೂರು ಕಡೆ ಕ್ಲಿಕ್ ಮಾಡಿ, ಮತ್ತೆ ಮೊದಲ ಬಿಂದುವಿನ ಮೇಲೆ ಕ್ಲಿಕ್ ಮಾಡಿ. ಬಣ್ಣ ತುಂಬಿದ ತ್ರಿಭುಜ ಎಬಿಸಿ ಕಾಣಬೇಕು. ಆಕೃತಿ ಮುಚ್ಚಿಕೊಳ್ಳದಿದ್ದರೆ ಮೊದಲ ಬಿಂದುವನ್ನು ಮತ್ತೆ ಒತ್ತಿಲ್ಲ ಎಂದರ್ಥ.

2. ಪರ್ಪೆಂಡಿಕ್ಯುಲರ್ ಬೈಸೆಕ್ಟರ್ ಟೂಲ್‌ನಿಂದ ಎರಡು ಬಾಹುಗಳನ್ನು ಒಂದೊಂದಾಗಿ ಕ್ಲಿಕ್ ಮಾಡಿ. ಎರಡು ಲಂಬಾರ್ಧಕಗಳು ಛೇದಿಸಬೇಕು.

3. ಇಂಟರ್ಸೆಕ್ಟ್ ಟೂಲ್‌ನಿಂದ ಆ ಎರಡು ರೇಖೆಗಳನ್ನು ಕ್ಲಿಕ್ ಮಾಡಿ. ಡಿ ಬಿಂದು ಮೂಡಬೇಕು.

4. ಕೇಂದ್ರ ಮತ್ತು ಒಂದು ಬಿಂದುವಿನಿಂದ ವೃತ್ತ ರಚಿಸುವ ಟೂಲ್ ಆರಿಸಿ, ಮೊದಲು ಡಿ, ಆಮೇಲೆ ಎ ಬಿಂದುವನ್ನು ಕ್ಲಿಕ್ ಮಾಡಿ.

5. ಮೂವ್ ಟೂಲ್‌ನಿಂದ ಎ ಬಿಂದುವನ್ನು ಎಳೆಯಿರಿ. ವೃತ್ತವು ಮೂರೂ ಶೃಂಗಗಳ ಮೂಲಕವೇ ಹಾಯುತ್ತಿದೆಯೇ?

ತಪ್ಪಾದರೆ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿ.

ಐದನೇ ಹಂತವೇ ಪಾಠದ ತಿರುಳು. ಡಿ ಬಿಂದುವನ್ನು ಕಣ್ಣಂದಾಜಿನಲ್ಲಿ ಇಟ್ಟಿದ್ದರೆ ಎಳೆದ ಕೂಡಲೇ ವೃತ್ತವು ಬಿ ಅಥವಾ ಸಿ ಶೃಂಗವನ್ನು ಬಿಟ್ಟು ಹೋಗುತ್ತದೆ. ಆಗ ಶಿಕ್ಷಕರು ‘ಏಕೆ?’ ಎಂದು ಕೇಳಬೇಕು. ಲಂಬಾರ್ಧಕದ ಮೇಲಿನ ಪ್ರತಿ ಬಿಂದುವೂ ಬಾಹುವಿನ ಎರಡು ತುದಿಗಳಿಂದ ಸಮದೂರದಲ್ಲಿದೆ. ಆದ್ದರಿಂದ ಎರಡೂ ಲಂಬಾರ್ಧಕಗಳ ಮೇಲಿರುವ ಬಿಂದು ಮಾತ್ರ ಮೂರೂ ಶೃಂಗಗಳಿಂದ ಸಮದೂರದಲ್ಲಿರುತ್ತದೆ. ಈ ಉತ್ತರವನ್ನು ಹಾಳೆಯಲ್ಲಿ ಬರೆಯಬಾರದು. ಎಲ್ಲಿ ಕ್ಲಿಕ್ ಮಾಡಬೇಕೆಂಬುದನ್ನು ಹಾಳೆ ಹೇಳಲಿ. ಕಾರಣವನ್ನು ಮಕ್ಕಳೇ ಹೇಳಲಿ. ಇಲ್ಲದಿದ್ದರೆ ಐದೂ ಹಂತ ಮುಗಿಸಿದ ವಿದ್ಯಾರ್ಥಿಗೆ ಚಿತ್ರ ಸಿಕ್ಕಿರುತ್ತದೆ, ಗಣಿತ ಸಿಕ್ಕಿರುವುದಿಲ್ಲ.

ಸಹಪ್ರಶಿಕ್ಷಣಾರ್ಥಿಗಳು ಮೂರು ಅಂಶಗಳನ್ನು ಗಮನಿಸಬಹುದು. ಆವೃತ್ತಿಯಿಂದ ಆವೃತ್ತಿಗೆ ಟೂಲ್‌ಗಳ ಜಾಗ ಬದಲಾಗುವುದರಿಂದ ಶಾಲೆಯ ಕಂಪ್ಯೂಟರಿನಲ್ಲೇ ಹಂತಗಳನ್ನು ಪರೀಕ್ಷಿಸಬೇಕು. ಪರದೆಯ ಮೇಲಿನ ಹೆಸರುಗಳು ಇಂಗ್ಲಿಷಿನಲ್ಲಿದ್ದರೆ ಪ್ರತಿ ಟೂಲ್‌ನ ಚಿಹ್ನೆಯನ್ನು ಹಾಳೆಯಲ್ಲಿ ಬಿಡಿಸಬೇಕು. ಆಗ ಇಂಗ್ಲಿಷ್ ಓದಲು ತಡವರಿಸುವ ಮಗು ಪಕ್ಕದವರನ್ನು ಕಾಯಬೇಕಾಗಿಲ್ಲ. ಕೊನೆಯದಾಗಿ, ಜಿಯೋಜೀಬ್ರಾ ಬಳಸದ ಒಬ್ಬರಿಗೆ ಹಾಳೆ ಕೊಟ್ಟು, ಮಾತನಾಡದೆ ನೋಡಬೇಕು. ಅವರು ಎಲ್ಲಿ ನಿಲ್ಲುತ್ತಾರೋ ಆ ಸಾಲನ್ನು ತಿದ್ದಿದ ಮೇಲೆಯೇ ತರಗತಿಗೆ ಒಯ್ಯಬೇಕು.