‘ಗ್ಯಾಸ್ ಖಾಲಿ’ ಎಂದಾಗ ದುಡ್ಡು ಎಣಿಸುವ ಮೊದಲು

ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಇಷ್ಟು ಗೊತ್ತಿದ್ದದ್ದರಿಂದ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಮೂರೂವರೆ ಸಾವಿರ ರೂಪಾಯಿ ಉಳಿಯಿತು.

ಮುಂಬೈಯಿಂದ ಕಲ್ಯಾಣ ದಾಟಿ ಕರ್ಜತ್ ಕಡೆಗೆ ಹೋಗುವ ಲೋಕಲ್ಲಿಗೆ ಮೊದಲ ನಿಲ್ದಾಣ ನಮ್ಮ ವಿಠ್ಠಲವಾಡಿ. ಕಡಲ ಗಾಳಿಯ ತಂಪು ಇಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ; ರಸ್ತೆಯ ಧೂಳು ಮಾತ್ರ ಧಾರಾಳ. ಏಪ್ರಿಲಿನಲ್ಲಿ ನಮ್ಮ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ತಂಪು ಕೊಡುವುದನ್ನು ಬಿಟ್ಟು ಗೋಡೆಯ ಮೇಲೆ ನೀರು ಸುರಿಸತೊಡಗಿತು. ನೋಡಲು ಬಂದ ಮೆಕ್ಯಾನಿಕ್ ಒಳಗಿನ ಕಾಯಿಲ್ ಮೇಲೆ ಕಟ್ಟಿದ್ದ ಮಂಜುಗಡ್ಡೆ ತೋರಿಸಿ, ‘ಗ್ಯಾಸ್ ಖತಮ್, ಭರ್ನಾ ಪಡೇಗಾ’ ಎಂದ; ಗ್ಯಾಸ್ ತುಂಬಿಸಲೇಬೇಕಂತೆ. ಎಲ್ಲಿ ಸೋರಿದೆ ಎಂದು ಕೇಳಿದೆ. ಉತ್ತರ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕಳಿಸಿಕೊಟ್ಟೆ.

ಗ್ಯಾಸ್ ಕಡಿಮೆಯಾದರೂ ಮಂಜು ಕಟ್ಟುತ್ತದೆ, ಫಿಲ್ಟರ್ ಕಟ್ಟಿಕೊಂಡು ಗಾಳಿ ಸಾಲದಿದ್ದರೂ ಕಟ್ಟುತ್ತದೆ. ಎರಡನೆಯದನ್ನು ಪರೀಕ್ಷಿಸಲು ಖರ್ಚಿಲ್ಲ. ಎಂಸಿಬಿ ಇಳಿಸಿ, ಮಂಜು ಪೂರ್ತಿ ಕರಗಲು ಬಿಟ್ಟು, ಮುಚ್ಚಳ ಎತ್ತಿ ಜಾಲರಿ ಎಳೆದೆ. ಬೆಳಕಿಗೆ ಹಿಡಿದರೆ ಆಚೆ ಏನೂ ಕಾಣದು. ಬೂದು ಬಣ್ಣದ ಧೂಳು ಕಂಬಳಿಯಷ್ಟು ದಪ್ಪಗೆ ಕೂತಿತ್ತು. ನಲ್ಲಿಯ ಕೆಳಗೆ ಹಿಂಬದಿಯಿಂದ ನೀರು ಬಿಟ್ಟು ತೊಳೆದು ನೆರಳಲ್ಲಿ ಒಣಗಿಸಿದೆ. ಕಾಯಿಲಿನ ತೆಳು ರೆಕ್ಕೆಗಳು ಬಾಗದಂತೆ ಮೆತ್ತನೆಯ ಬ್ರಷ್ಷನ್ನು ಮೇಲಿನಿಂದ ಕೆಳಕ್ಕಷ್ಟೇ ಆಡಿಸಿದೆ. ಡ್ರೇನ್ ಪೈಪಿನ ಹೊರತುದಿಯಲ್ಲಿ ಪಾಚಿಯಂಥ ಲೋಳೆ ಕಟ್ಟಿತ್ತು. ತೆಗೆದ ಕೂಡಲೇ ನಿಂತ ನೀರು ಗಳಗಳನೆ ಇಳಿಯಿತು. ಆ ರಾತ್ರಿ ಕೋಣೆ ತಣ್ಣಗಾಯಿತು.

ಉಳಿತಾಯ ಅಲ್ಲಿಗೇ ನಿಲ್ಲುವುದಿಲ್ಲ. ಗಾಳಿ ಸರಾಗವಾಗಿ ಆಡದ ಎಸಿ ಹೆಚ್ಚು ಹೊತ್ತು ಓಡಿ ಹೆಚ್ಚು ಯೂನಿಟ್ ತಿನ್ನುತ್ತದೆ. ಇಲ್ಲಿ ವಿದ್ಯುತ್ ಪೂರೈಸುವ ಮಹಾವಿತರಣದ ಬಿಲ್ಲಿನಲ್ಲಿ 100, 300, 500 ಯೂನಿಟ್ಟಿನ ಗಡಿ ದಾಟಿದಂತೆಲ್ಲ ದರ ಏರುವುದರಿಂದ, ಬೇಸಿಗೆಯ ಈ ಹೆಚ್ಚುವರಿ ಯೂನಿಟ್ಟುಗಳೇ ಅತಿ ದುಬಾರಿ. 2020ರ ಜನವರಿಯಿಂದ ಸ್ಟಾರ್ ಗುರುತಿನ ಹೊಸ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ ಬಂದದ್ದೂ ವಿದ್ಯುತ್ ಉಳಿಸಲಿಕ್ಕೇ. ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುವುದು ಇಂಧನ ದಕ್ಷತಾ ಸಂಸ್ಥೆ ಬಿಇಇಯ ಲೆಕ್ಕ.

ಆದರೆ ನಮ್ಮ ಕೈ ಫಿಲ್ಟರ್, ಒಳಗಿನ ಕಾಯಿಲಿನ ಧೂಳು, ಡ್ರೇನ್ ಪೈಪಿನಾಚೆ ಹೋಗಬಾರದು. ಹೊರಗಿನ ಯೂನಿಟ್ಟಿನ ಕೆಪಾಸಿಟರ್ ಕೆಲವು ನೂರು ರೂಪಾಯಿಯದ್ದೇ ಇರಬಹುದು, ಆದರೆ ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಗ್ಯಾಸ್ ಬೆಂಕಿ ಹಿಡಿಯಬಲ್ಲದು. ವಾರಂಟಿ ಇರುವ ಯಂತ್ರವನ್ನು ಬಿಚ್ಚಿದರೆ ಅದೂ ಕೈತಪ್ಪೀತು. ಇಲ್ಲೆಲ್ಲ ಇನ್ನೂರು ಉಳಿಸಲು ಹೋಗಿ ಜೀವವನ್ನೇ ಪಣಕ್ಕಿಡುವುದು ಯಾವ ಲೆಕ್ಕಕ್ಕೂ ಕೂಡದ ವ್ಯವಹಾರ.

ಫಿಲ್ಟರ್ ತೊಳೆದರೂ ತಂಪಾಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಯಿರಿ. ಗ್ಯಾಸ್ ತುಂಬಬೇಕು ಎಂದರೆ ಮೀಟರ್ ಹಾಕಿ ಒತ್ತಡ ತೋರಿಸಲು ಹೇಳಿ, ಸೋರಿದ ಜಾಗ ಕೇಳಿ. ಅದನ್ನು ಮುಚ್ಚದೆ ತುಂಬಿದ ಗ್ಯಾಸ್ ಮತ್ತೆ ಗಾಳಿಪಾಲು, ಅದರ ಜೊತೆ ನಿಮ್ಮ ದುಡ್ಡೂ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ರಸೀದಿ ಇಟ್ಟುಕೊಳ್ಳಿ.

ಹೊರಗೋಡೆಗೆ ತೂಗುಬಿದ್ದ ಯೂನಿಟ್ ಬಿಚ್ಚಲು ನಾಲ್ಕನೇ ಮಹಡಿಯ ಕಿಟಕಿಯಾಚೆ ಇಳಿಯುವ ಹುಡುಗನ ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ. ಬೆಲ್ಟ್ ಕಟ್ಟಿಕೊಂಡೇ ಇಳಿಯಲಿ, ಅದಕ್ಕೆ ಹೆಚ್ಚು ಹೊತ್ತು ಹಿಡಿದರೆ ಹೆಚ್ಚು ಕೊಡೋಣ. ಧೂಳು ತೊಳೆದು ಉಳಿಸಿದ ದುಡ್ಡು ಹೋಗಬೇಕಾದದ್ದು ಅಂಥ ಕೆಲಸಕ್ಕೇ.